ಕೆಂಪು ಸೂಜಿ, ಉರಿಯುವ ಅಂಗಾಲು

ಗುರುಮಠಕಲ್ಲಿನ ನಮ್ಮ ಚಿಗವ್ವ ಮಂಚದ ಮೇಲೆ ಮಲಗುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಮನೆಮಂದಿಯೆಲ್ಲ ಮಲಗಿದ ಮೇಲೆ ಪಡಸಾಲೆಯ ಪರ್ಸಿ ಕಲ್ಲಿನ ಮೇಲೆ ಒಂದು ಚರಗಿ ನೀರು ಚೆಲ್ಲಿ, ಅಂಗಾಲನ್ನು ಅದಕ್ಕೆ ಒತ್ತಿ, ಗೋಡೆಗೆ ಒರಗಿ ಕೂಡುತ್ತಿದ್ದಳು. "ಮುಟ್ಟಿ ನೋಡಿದ್ರ ತಣ್ಣಗ ಅದಾವಪ್ಪ. ಒಳಗ ಮಾತ್ರ ಒಲಿ ಹಚ್ಚಿದಂಗ ಉರಿಲಕತ್ಯಾವ," ಅನ್ನುತ್ತಿದ್ದಳು. ಔಡಲೆಣ್ಣೆ ಸವರಿ ಕಂಚಿನ ಬಟ್ಟಲಿಂದ ತಿಕ್ಕಿಸಿಕೊಂಡದ್ದಾಯಿತು, ಮೆಹಂದಿ ಮೆತ್ತಿಕೊಂಡದ್ದಾಯಿತು. ಪೇಟೆಯ ಒಬ್ಬ ಡಾಕ್ಟರರ ಹತ್ತಿರ ಐದಾರು ವಾರ ಸೂಜಿ ಹಾಕಿಸಿಕೊಂಡದ್ದೂ ಆಯಿತು. ಪ್ರತಿ ಸಲವೂ ಎರಡು ಸೂಜಿ, ಒಂದು ಕೆಂಪು, ಒಂದು ಬಿಳಿ. ಅವತ್ತು ಸಂಜೆಯೇ ಆರಾಮ ಎನಿಸುತ್ತಿತ್ತಂತೆ. ಸೂಜಿ ನಿಂತ ಹದಿನೈದು ದಿನಕ್ಕೆ ಮತ್ತೆ ಉರಿ.

ಕೊನೆಗೆ ಹೈದರಾಬಾದಿನಲ್ಲಿರುವ ಅಳಿಯ ಅಮೆರಿಕದಿಂದ ಬಂದ ಗೆಳೆಯನ ಕೈಲಿ ತರಿಸಿದ ಡಬ್ಬಿಯೊಂದು ಗೋಡೆಯ ಮಾಡದಲ್ಲಿ ಬಂದು ಕೂತಿತು. ನರಗಳ ಆರೋಗ್ಯಕ್ಕೆ ಅಂತ ಮೇಲೆ ದೊಡ್ಡದಾಗಿ ಬರೆದಿತ್ತು. ಹಿಂದೆ ಸಣ್ಣ ಅಕ್ಷರಗಳಲ್ಲಿ ಬಿ1, ಬಿ6, ಬಿ12, ಆಲ್ಫಾ ಲಿಪೋಯಿಕ್ ಆಮ್ಲ, ಅಸೆಟೈಲ್ ಕಾರ್ನಿಟಿನ್, ಅರಿಸಿನದ ಸಾರ ಎಂದು ಉದ್ದ ಪಟ್ಟಿ. ದಿನಕ್ಕೆರಡು ನುಂಗಬೇಕು. ನುಂಗಿದರೆ ಏನಾಗುತ್ತದೆ? ನರದ ನೋವಿಗೆಂದು ಮಾರುವ ಪೋಷಕಾಂಶದ ಗುಳಿಗೆಗಳಲ್ಲಿ ಯಾವುದಕ್ಕೆ ಎಷ್ಟು ಆಧಾರವಿದೆ ಎಂದು ನಾನು ಹುಡುಕತೊಡಗಿದ್ದು ಆ ಪಟ್ಟಿಯಿಂದ.

ಮೊದಲು ನೋವಿನ ಮಾತು. ನಮ್ಮ ಕಡೆ ಮೊಣಕಾಲು ಹಿಡಿದರೂ ನರ, ಸೊಂಟ ಹಿಡಿದರೂ ನರ, ಮೀನಖಂಡ ಸೆಟೆದರೂ ನರ. ವೈದ್ಯರು ನರದ ನೋವು ಅನ್ನುವುದು ಇನ್ನೂ ಇಕ್ಕಟ್ಟಾದ ಅರ್ಥದಲ್ಲಿ. ಸುದ್ದಿ ಒಯ್ಯುವ ತಂತಿಯೇ ಹಾಳಾಗಿ, ಅಲ್ಲಿ ಬೆಂಕಿ ಇಲ್ಲದಿದ್ದರೂ ಬೆಂಕಿ ಇದೆ ಎಂಬ ಸುದ್ದಿ ಮೆದುಳಿಗೆ ಹೋಗುವುದು ಅದು. ಜುಮ್ಮು, ಉರಿ, ಸೂಜಿ ಚುಚ್ಚಿದಂತೆ ಚಿಮ್ಮುವುದು, ಹತ್ತಿಯ ಮೇಲೆ ನಡೆದಂತೆ ಆಗುವುದು ಅದರ ಗುರುತು. ಮೈಯಲ್ಲಿ ಅತಿ ಉದ್ದದ ನರಗಳು ಪಾದಕ್ಕೆ ಹೋಗುವಂಥವು, ಹಾಗಾಗಿ ಕೇಡು ಮೊದಲು ಕಾಣುವುದು ಕಾಲ್ಬೆರಳಲ್ಲಿ. ಸಕ್ಕರೆ ಕಾಯಿಲೆ ಇದರ ದೊಡ್ಡ ಕಾರಣ. ಕುಡಿತ, ಕುಷ್ಠ, ಕೆಲವು ಔಷಧಿ, ವಿಷಲೋಹ, ಮತ್ತು ಊಟದ ಕೊರತೆ ಉಳಿದವು.

ಈ ಕೊನೆಯದನ್ನು ಹಗುರವಾಗಿ ಕಾಣುವ ಹಾಗಿಲ್ಲ, ಅದೂ ನಮ್ಮ ಸೀಮೆಯಲ್ಲಿ. ನಮ್ಮ ದೇಶದ ದೊಡ್ಡ ಪೋಷಣಾ ಸಂಶೋಧನಾ ಸಂಸ್ಥೆ ಹುಟ್ಟಿದ್ದೇ ಒಂದು ನರರೋಗದಿಂದ. ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಕೂನೂರಿನಲ್ಲಿ ಶುರು ಮಾಡಿದ ಘಟಕದ ಕೆಲಸ ಬೆರಿಬೆರಿಯ ವಿಚಾರಣೆ. ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದು ಬಿ1, ಅಂದರೆ ಥಯಮಿನ್, ಕಡಿಮೆಯಾಗಿ ಕಾಲು ಜೋಮು ಹಿಡಿದು ಸೋಲುವ ರೋಗ ಅದು. ಆ ಘಟಕವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂತು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದು ಹೆಸರಾಯಿತು. ಹೈದರಾಬಾದು ನಮಗೆ ಪರವೂರಲ್ಲ. ಗುರುಮಠಕಲ್ಲಿಗೆ ಜಿಲ್ಲಾ ಕೇಂದ್ರ ಯಾದಗಿರಿಗಿಂತ ತೆಲಂಗಾಣದ ನಾರಾಯಣಪೇಟೆ ಹತ್ತಿರ. ದೊಡ್ಡ ಬೇನೆ ಬಂದರೆ ನಮ್ಮ ಜನ ಹೈದರಾಬಾದಿನ ಬಸ್ಸು ಹತ್ತುತ್ತಾರೆ. ನಿಜಾಮರ ಕಾಲದಿಂದ ಬಂದ ರೂಢಿ.

ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಹಿರಿಯರಾದ ಸಿ. ಗೋಪಾಲನ್ ಇನ್ನೂ ತರುಣರಾಗಿದ್ದಾಗ, 1946ರಲ್ಲಿ, ಒಂದು ಲೇಖನ ಬರೆದರು. ವಿಷಯ ಅಂಗಾಲು ಉರಿ! ಬಡ ರೋಗಿಗಳು ರಾತ್ರಿಯೆಲ್ಲ ಪಾದ ಉರಿಯೆಂದು ಒದ್ದಾಡುತ್ತಿದ್ದರು. ಬಿ ಗುಂಪಿನ ವಿಟಮಿನ್‌ಗಳನ್ನು ಒಂದೊಂದಾಗಿ ಕೊಟ್ಟು ನೋಡಿದಾಗ ಪ್ಯಾಂಟೋಥೆನಿಕ್ ಆಮ್ಲಕ್ಕೆ ಉರಿ ಇಳಿಯಿತೆಂದು ಅವರು ದಾಖಲಿಸಿದರು. ವೈದ್ಯಕೀಯದಲ್ಲಿ ಅಂಗಾಲು ಉರಿಗೆ ಅವರದೇ ಹೆಸರು ಹತ್ತಿದೆ, ಗೋಪಾಲನ್ ಸಿಂಡ್ರೋಮ್ ಅನ್ನುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿಗೆ ಸೆರೆ ಸಿಕ್ಕ ಸೈನಿಕರಿಗೂ ಇದೇ ಉರಿ. ಶಿಬಿರಗಳಲ್ಲಿ ಅವರು ಇದನ್ನು 'ಹ್ಯಾಪಿ ಫೀಟ್' ಎಂದು ಕುಹಕವಾಡುತ್ತಿದ್ದರು, ರಾತ್ರಿ ತಣ್ಣೀರಿಗಾಗಿ ಹುಡುಕುತ್ತಿದ್ದರು. ಚಿಗವ್ವನ ಚರಗಿ ನೀರಿಗೆ ಹೀಗೊಂದು ಚರಿತ್ರೆ ಇದೆ.

ಆಮೇಲೆ ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಬರೆದದ್ದು ನೇರವಾಗಿ ನಮ್ಮ ರೊಟ್ಟಿಯ ಮೇಲೆ. ಪೆಲ್ಲಾಗ್ರ ಜಗತ್ತಿನ ಬೇರೆಡೆ ಮೆಕ್ಕೆಜೋಳ ತಿನ್ನುವವರ ರೋಗ. ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿಯಾಗುತ್ತದೆ, ಬುದ್ಧಿ ಕಲಕುತ್ತದೆ, ನರಗಳೂ ಬಳಲುತ್ತವೆ. ದಖ್ಖನಿನಲ್ಲಿ ಅದು ಬಿಳಿಜೋಳ ತಿನ್ನುವ ಬಡವರಿಗೆ ಬರುತ್ತಿತ್ತು. ಇದು ನಯಾಸಿನ್ ಎಂಬ ಬಿ ವಿಟಮಿನ್ ಕೊರತೆಯ ರೋಗ. ಜೋಳದಲ್ಲಿ ನಯಾಸಿನ್ ಇದ್ದೂ ರೋಗ ಏಕೆ? ಅದರಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಹೆಚ್ಚಿರುವುದರಿಂದ ಎಂಬುದು ಅವರ ವಾದ. ಆ ವಾದದ ಮೇಲೆ ಮುಂದೆ ತಕರಾರುಗಳೂ ಬಂದವು. ಜೋಳದ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ರೊಟ್ಟಿಯ ಜೊತೆ ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಇದ್ದವನಿಗೆ ಪೆಲ್ಲಾಗ್ರ ಬರುತ್ತಿರಲಿಲ್ಲ. ಬರಿ ರೊಟ್ಟಿ, ಖಾರ, ಉಪ್ಪು ತಿಂದವನಿಗೆ ಬರುತ್ತಿತ್ತು. ಆದ್ದರಿಂದ ವಿಟಮಿನ್ ಗುಳಿಗೆ ಅಂದಕೂಡಲೇ, ನುಂಗಿದ್ದೆಲ್ಲ ಹೊರಗೆ ಹೋಗುತ್ತದೆ, ಬರಿ 'ದುಬಾರಿ ಮೂತ್ರ' ಎಂದು ನಗುವ ನಗರದ ವೈದ್ಯರ ಚಟಾಕಿ ನಮ್ಮ ಜಿಲ್ಲೆಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಕೊರತೆ ನಿಜವಾಗಿಯೂ ಇದೆ. ಯಾವುದರ ಕೊರತೆ ಎಂದು ಗೋಪಾಲನ್ ಒಂದೊಂದಾಗಿ ಕೊಟ್ಟು ನೋಡಿದರು. ಡಬ್ಬಿ ಮಾರುವವರು ಎಲ್ಲವನ್ನೂ ಒಟ್ಟಿಗೆ ಕೊಟ್ಟು ಆ ಪ್ರಶ್ನೆಯನ್ನೇ ಕೈಬಿಡುತ್ತಾರೆ.

ಈಗ ಕೆಂಪು ಸೂಜಿ. ಅದರ ಬಣ್ಣವೇ ಅರ್ಧ ಮಾರಾಟ ಮಾಡುತ್ತದೆ. ರಕ್ತದಂತಿದೆ, ತಾಕತ್ತು ಬರುತ್ತದೆ ಎಂದು ಜನ. ಬಿ12 ಅಣುವಿನ ನಡುವೆ ಕೋಬಾಲ್ಟ್ ಲೋಹ ಕೂತಿರುವುದರಿಂದ ಆ ಕೆಂಪು. 1926ರಲ್ಲಿ ಬಾಸ್ಟನ್ನಿನ ಮೈನಟ್ ಮತ್ತು ಮರ್ಫಿ, ಮಾರಕ ರಕ್ತಹೀನತೆಯ ರೋಗಿಗಳಿಗೆ ದಿನಾ ಕಾಲು ಕಿಲೋವರೆಗೆ ಯಕೃತ್ತು ತಿನ್ನಿಸಿ ಬದುಕಿಸಿದರು. ಅದರೊಳಗಿದ್ದ ಬಿ12 ಕೈಗೆ ಸಿಕ್ಕಿದ್ದು 1948ರಲ್ಲಿ. ಅಣುವಿನ ರಚನೆ ಬಿಡಿಸಿದ ಡೊರೊಥಿ ಹಾಜ್‌ಕಿನ್‌ಗೆ 1964ರಲ್ಲಿ ನೊಬೆಲ್ ಬಂತು. ನರದ ಸುತ್ತಲ ಮಯಲಿನ್ ಹೊದಿಕೆ ಸರಿಯಾಗಿರಲು ಬಿ12 ಬೇಕೇ ಬೇಕು. ಅದಿಲ್ಲದೆ ಮೊದಲು ಜುಮ್ಮು, ಆಮೇಲೆ ಬೆನ್ನುಹುರಿಯೂ ಕೆಟ್ಟು ನಡಿಗೆ ತೂರಾಡುತ್ತದೆ. ರಕ್ತ ಸರಿಯಿದ್ದೂ ನರ ಮಾತ್ರ ಕೆಡುವುದುಂಟು. ಫೋಲಿಕ್ ಆಮ್ಲದ ಗುಳಿಗೆಯನ್ನಷ್ಟೇ ಕೊಟ್ಟರೆ ರಕ್ತ ಸುಧಾರಿಸಿ, ಒಳಗೆ ನರ ಕೆಡುತ್ತಲೇ ಹೋಗುವ ಅಪಾಯವೂ ಇದೆ.

ಗಿಡಮರಗಳಲ್ಲಿ ಬಿ12 ಇಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು, ಇಷ್ಟೇ ದಾರಿ. ಪುಣೆಯ ಯಾಜ್ಞಿಕ್ ಮತ್ತು ಸಂಗಡಿಗರು 441 ಮಧ್ಯವಯಸ್ಕ ಗಂಡಸರ ರಕ್ತ ನೋಡಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇ. 67 ಮಂದಿಗೆ ಬಿ12 ಕಡಿಮೆ ಇತ್ತು. ಅವರೆಲ್ಲರಿಗೂ ಕಾಲು ಉರಿಯುತ್ತಿತ್ತೆಂದಲ್ಲ, ಮೈಯೊಳಗಿನ ದಾಸ್ತಾನು ತಳಕ್ಕೆ ಬಂದಿತ್ತು ಅಷ್ಟೇ. ಹಾಲಿನ ಲೆಕ್ಕವನ್ನೇ ನೋಡಿ. ದಿನಕ್ಕೆ ಬೇಕಾದದ್ದು ಎರಡು ಎರಡೂವರೆ ಮೈಕ್ರೋಗ್ರಾಂ, ಕಾಲು ಲೀಟರ್ ಹಾಲಿನಲ್ಲಿ ಒಂದರಷ್ಟು. ನಮ್ಮೂರ ಕಡೆ ಎಮ್ಮೆ ಕಟ್ಟಿದ ಮನೆಯಲ್ಲೂ ಹಾಲು ಡೈರಿಗೆ ಹೋಗುತ್ತದೆ, ಮನೆಗೆ ಉಳಿಯುವುದು ಚಹಾದ ಬಣ್ಣ ತಿರುಗುವಷ್ಟು. ಅದರಲ್ಲೂ ಹೆಂಗಸರ ಪಾಲಿಗೆ ಕೊನೆಯ ಕಪ್ಪು. ಕುರಿ ತಿನ್ನುವ ಮನೆಯಲ್ಲೂ ಅದು ಅಮಾವಾಸ್ಯೆ, ಜಾತ್ರೆ, ದ್ಯಾವರು ಮಾಡಿದಾಗಿನ ಮಾತು.

ಪಡಿತರದ ಅಕ್ಕಿಯ ಕಥೆಯೂ ಇಲ್ಲೇ ಬರಬೇಕು. ಯಾದಗಿರಿ 2018ರಿಂದ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ. ಅಂಥ ಜಿಲ್ಲೆಗಳಿಗೆ ಮೊದಲ ಸುತ್ತುಗಳಲ್ಲೇ ಸಾರವರ್ಧಿತ ಅಕ್ಕಿ ಬಂತು. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಮಾಡಿದ ಕಾಳುಗಳನ್ನು ಮಾಮೂಲಿ ಅಕ್ಕಿಗೆ ನೂರಕ್ಕೊಂದರಂತೆ ಕೂಡಿಸಿದ್ದು ಅದು. ಹೆಂಗಸರು ಮೊರದಲ್ಲಿ ಕೇರುವಾಗ ಆ ಬೆಳ್ಳನೆ ಕಾಳು ಕಂಡು 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಎಸೆದರು! ಎಸೆಯಬಾರದಿತ್ತು ನಿಜ. ಆದರೆ ಲೆಕ್ಕ ಹಾಕಿ ನೋಡಿದರೆ ಒಂದು ಕಿಲೋ ಅಕ್ಕಿಯಲ್ಲಿ ಸೇರಿಸಿದ ಬಿ12 ಒಂದು ಮೈಕ್ರೋಗ್ರಾಮಿನ ಆಸುಪಾಸು. ಒಬ್ಬರು ತಿಂಗಳಿಗೆ ಐದು ಕಿಲೋ ತಿಂದರೆ ಐದು ಮೈಕ್ರೋಗ್ರಾಂ, ಎರಡು ಮೂರು ದಿನದ ಅಗತ್ಯ. ಕೆಟ್ಟ ನರ ಇದರಿಂದ ಚೇತರಿಸಿಕೊಳ್ಳುವುದಿಲ್ಲ.

ಇನ್ನೊಂದು ಕಡೆಯಿಂದ ಸಕ್ಕರೆ ಕಾಯಿಲೆಯ ಗುಳಿಗೆ ಮೆಟ್‌ಫಾರ್ಮಿನ್ ಇದೇ ಬಿ12 ಹೀರುವಿಕೆಗೆ ಅಡ್ಡ ಬರುತ್ತದೆ. ಅಗ್ಗದ, ಒಳ್ಳೆಯ ಔಷಧಿ ಅದು, ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ, ಯಾರೂ ಹೆದರಿ ಬಿಡಬಾರದು. ಆದರೆ ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಇಳಿಯುವುದು ದೊಡ್ಡ ಅಧ್ಯಯನಗಳಲ್ಲೇ ಕಂಡಿದೆ. ಅಂಥವರ ಕಾಲು ಉರಿದರೆ 'ಶುಗರಿಂದು' ಎಂದು ಕೈತೊಳೆದುಕೊಳ್ಳುವುದೇ ಹೆಚ್ಚು. ಎರಡೂ ಇರಬಹುದು. ಸಕ್ಕರೆ ಹಾಳು ಮಾಡಿದ ನರವನ್ನು ಪೂರ್ತಿ ಮರಳಿ ತರುವುದು ಕಷ್ಟ, ಬಿ12 ಕೊರತೆಯ ಪಾಲನ್ನಾದರೂ ಸರಿಪಡಿಸಬಹುದು. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಈ ಒಂದು ಪರೀಕ್ಷೆ ಮಾಡದೆ ವರ್ಷ ಕಳೆಯುವುದಕ್ಕೆ.

ಸೂಜಿಯೇ ಬೇಕೆ? ತೀವ್ರ ಕೊರತೆಯಲ್ಲಿ, ನರ ಆಗಲೇ ಕೆಟ್ಟಿದ್ದರೆ ವೈದ್ಯರು ಸೂಜಿಯಿಂದ ಶುರು ಮಾಡುತ್ತಾರೆ, ಅದು ಸರಿ. ಉಳಿದವರಿಗೆ ಗುಳಿಗೆಯೂ ಸಾಕಾಗುತ್ತದೆ. ಹೊಟ್ಟೆಯ ಮಾಮೂಲಿ ದಾರಿಯಲ್ಲಿ ಒಂದು ಹೊತ್ತಿಗೆ ಎರಡು ಮೈಕ್ರೋಗ್ರಾಮಿಗಿಂತ ಹೆಚ್ಚು ಒಳಗೆ ಹೋಗುವುದಿಲ್ಲ. ಆದರೆ ದೊಡ್ಡ ಪ್ರಮಾಣ ಕೊಟ್ಟಾಗ ನೂರಕ್ಕೊಂದು ಪಾಲು ತಾನಾಗಿ ಜಿನುಗುತ್ತದೆ. 1500ರ ಗುಳಿಗೆ ನುಂಗಿದರೆ ಹದಿನೈದರಷ್ಟು ದಕ್ಕುತ್ತದೆ. ಔಷಧಿ ಅಂಗಡಿಯಲ್ಲಿ ಮೀಥೈಲ್ ಕೊಬಾಲಮಿನ್ನೇ ಶ್ರೇಷ್ಠ ಎನ್ನುತ್ತಾರೆ. ಅಗ್ಗದ ಸಯನೋ ಕೊಬಾಲಮಿನ್ನನ್ನೂ ದೇಹ ತನಗೆ ಬೇಕಾದ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ಇನ್ನು ಬಿ12 ಯಾವ ರೂಪದಲ್ಲಿ ಬಂದರೂ ಅವತ್ತು ಸಂಜೆಗೇ ಉರಿ ಇಳಿಸುವುದಿಲ್ಲ. ವಾರಗಳು, ತಿಂಗಳುಗಳು ಬೇಕು. ಚಿಗವ್ವನಿಗೆ ಸಂಜೆಗೇ ಸಿಕ್ಕ ಆರಾಮ ಆ ಬಿಳಿ ಸೂಜಿಯದಿರಬೇಕು. ಅದರಲ್ಲಿ ಏನಿತ್ತೆಂದು ಚೀಟಿಯಲ್ಲಿ ಬರೆದಿರಲಿಲ್ಲ. ಸ್ಟಿರಾಯ್ಡ್ ಆಗಿದ್ದರೆ, ಮೊದಲೇ ಸಕ್ಕರೆ ಕಾಯಿಲೆಯಿದ್ದ ಅವಳ ಸಕ್ಕರೆ ಏರಿಸಿ ಹೋಗಿರುತ್ತದೆ.

ಕೊರತೆ ಇಲ್ಲದವರಿಗೆ ಬಿ ವಿಟಮಿನ್ ಕೊಟ್ಟರೆ ನರದ ನೋವು ಇಳಿಯುತ್ತದೆಯೇ? ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಬಳಗದ 2008ರ ಪರಿಶೀಲನೆ 13 ಪ್ರಯೋಗಗಳನ್ನು, 741 ರೋಗಿಗಳನ್ನು ಜಾಲಾಡಿ, ಹೌದೆನ್ನಲೂ ಅಲ್ಲವೆನ್ನಲೂ ಆಧಾರ ಸಾಲದು ಎಂದಿತು. ಇಷ್ಟು ಮಾರಾಟವಾಗುವ ಗುಳಿಗೆಗೆ ಇಷ್ಟೇ ಆಧಾರ.

ಬಿ6 ವಿಷಯ ಬೇರೆ. ಅದನ್ನು ಎಚ್ಚರಿಕೆಯ ಮಾತಾಗಿಯೇ ಹೇಳಬೇಕು. ಕ್ಷಯದ ರೋಗಿಗೆ ಕೊಡುವ ಐಸೋನಿಯಾಜಿಡ್ ದೇಹದ ಬಿ6 ಕಸಿಯುತ್ತದೆ, ಅದಕ್ಕಾಗಿ ಜೊತೆಗೆ ಪಿರಿಡಾಕ್ಸಿನ್ ಗುಳಿಗೆ ಕೊಡುತ್ತಾರೆ. ಪೂರಕ ಅಂದರೆ ಹೀಗಿರಬೇಕು, ಕಾರಣ ಗೊತ್ತು, ಪ್ರಮಾಣ ಗೊತ್ತು. ಆದರೆ ಇದೇ ಬಿ6 ಹೆಚ್ಚಾದರೆ ನರವನ್ನೇ ಕೊಲ್ಲುತ್ತದೆ. 1983ರಲ್ಲಿ ಅಮೆರಿಕದ ಶಾಮ್‌ಬರ್ಗ್ ಮತ್ತು ಸಂಗಡಿಗರು ದಿನಕ್ಕೆ 2ರಿಂದ 6 ಗ್ರಾಂ ನುಂಗುತ್ತಿದ್ದ ಏಳು ಮಂದಿಯ ವೃತ್ತಾಂತ ಬರೆದರು. ಅವರ ಕೈಕಾಲು ಜೋಮು ಹಿಡಿದು, ಕಣ್ಣು ಮುಚ್ಚಿದರೆ ನಿಲ್ಲಲಾಗದಂತೆ ಆಗಿತ್ತು. ಆಮೇಲೆ ಇನ್ನೂ ಕಡಿಮೆ ಪ್ರಮಾಣದಲ್ಲೂ ತೊಂದರೆ ಕಂಡಿತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ದಿನದ ಗರಿಷ್ಠ ಮಿತಿಯನ್ನು 12 ಮಿಲಿಗ್ರಾಮಿಗೆ ಇಳಿಸಿತು, ಅಮೆರಿಕದಲ್ಲಿ ಅದು ಇಂದಿಗೂ 100. ದೇಹಕ್ಕೆ ಬೇಕಾದದ್ದು ಎರಡರಷ್ಟು. ಚಿಗವ್ವನ ಡಬ್ಬಿಯಲ್ಲಿ ದಿನಕ್ಕೆ 100 ಇತ್ತು. ಅಂದರೆ ಉರಿಗೆಂದು ನುಂಗಿದ್ದು, ವರ್ಷಗಟ್ಟಲೆ ನುಂಗಿದರೆ ಉರಿಯನ್ನೇ ತರಬಲ್ಲದ್ದು. ಉರಿ ಹೆಚ್ಚಾದರೆ ನಾವು ಇನ್ನೊಂದು ಗುಳಿಗೆ ಹೆಚ್ಚಿಗೆ ನುಂಗುವವರು!

ಆಲ್ಫಾ ಲಿಪೋಯಿಕ್ ಆಮ್ಲಕ್ಕೆ ಜರ್ಮನಿಯಲ್ಲಿ ಹಳೆಯ ಮರ್ಯಾದೆ. ರಕ್ತನಾಳದೊಳಗೆ 600 ಮಿಲಿಗ್ರಾಂ ಕೆಲವು ವಾರ ಕೊಟ್ಟಾಗ ಸಕ್ಕರೆ ರೋಗಿಗಳ ಉರಿ, ಚುಚ್ಚು ಕಡಿಮೆಯಾದದ್ದು ಪ್ರಯೋಗಗಳಲ್ಲಿ ಕಂಡಿದೆ. ಗುಳಿಗೆಯಾಗಿ ದೀರ್ಘಕಾಲ ಕೊಟ್ಟಾಗ ಹೊಳಪು ಮಾಸುತ್ತದೆ. 460 ಮಂದಿಗೆ ನಾಲ್ಕು ವರ್ಷ ಕೊಟ್ಟ ನೇಥನ್ ಪ್ರಯೋಗದ ಮುಖ್ಯ ಅಳತೆಯಲ್ಲಿ ಸುಳ್ಳುಗುಳಿಗೆಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. 2024ರ ಕಾಕ್ರೇನ್ ಪರಿಶೀಲನೆಯೂ ಆರು ತಿಂಗಳ ಮೇಲೆ ಹೇಳಿಕೊಳ್ಳುವ ಪರಿಣಾಮವಿಲ್ಲವೆಂದಿದೆ. ಒಂದು ತಮಾಷೆ ಎಂದರೆ ಇದನ್ನೂ ಎ.ಎಲ್.ಎ. ಅನ್ನುತ್ತಾರೆ, ನಮ್ಮ ಅಗಸಿ ಹಿಂಡಿಯಲ್ಲಿರುವ ಒಮೇಗಾ-3 ಕೊಬ್ಬಿನ ಹೆಸರೂ ಎ.ಎಲ್.ಎ. ಎರಡಕ್ಕೂ ಸಂಬಂಧವಿಲ್ಲ. ನನ್ನ ಪರಿಚಯದ ಒಬ್ಬರು ಇವೆರಡನ್ನೂ ಒಂದೇ ಅಂದುಕೊಂಡು ಮೂರು ತಿಂಗಳು ಅಗಸಿ ಪುಡಿ ಮುಕ್ಕಿದರು. ನಷ್ಟವೇನಾಗಲಿಲ್ಲ, ರೊಟ್ಟಿ ರುಚಿಯಾಯಿತು.

ಅಸೆಟೈಲ್ ಕಾರ್ನಿಟಿನ್ ಕಥೆ ಇನ್ನೂ ಕಟು. ಸ್ತನ ಕ್ಯಾನ್ಸರಿನ ಚಿಕಿತ್ಸೆಯಿಂದ ಬರುವ ಕೈಕಾಲು ಜೋಮನ್ನು ತಡೆಯುತ್ತದೆಂದು ನಂಬಿ 409 ಹೆಂಗಸರ ಮೇಲೆ ನಡೆಸಿದ ಅಮೆರಿಕದ ಪ್ರಯೋಗದಲ್ಲಿ, ಅದನ್ನು ನುಂಗಿದವರ ಜೋಮು ನುಂಗದವರಿಗಿಂತ ಹೆಚ್ಚಾಯಿತು. 2013ರಲ್ಲಿ ಫಲಿತಾಂಶ ಬಂತು. ಕಿಮೋಥೆರಪಿಯ ಹೊತ್ತಿನಲ್ಲಿ 'ಶಕ್ತಿಗೆ ಇರಲಿ' ಎಂದು ಡಬ್ಬಿ ಕೊಡುವ ನೆಂಟರು ಇದನ್ನು ತಿಳಿದಿರಬೇಕು. ಮೆಗ್ನೀಸಿಯಂ, ಅರಿಸಿನದ ಸಾರಗಳಿಗೆ ಇಷ್ಟು ಗಟ್ಟಿ ಪ್ರಯೋಗಗಳೂ ಇಲ್ಲ. ಅರಿಸಿನ ಸಾರಿನಲ್ಲಿ ಚೆನ್ನ, ಕಾಳುಮೆಣಸಿನ ಸಾರ ಬೆರೆಸಿ ದಟ್ಟವಾಗಿಸಿದ ಗುಳಿಗೆ ಯಕೃತ್ತಿಗೆ ಪೆಟ್ಟು ಕೊಟ್ಟದ್ದೂ ಉಂಟು.

ಅಡುಗೆಮನೆಯಿಂದ ನಿಜವಾದ ಔಷಧಿಯಾಗಿ ಹೋದದ್ದು ಮೆಣಸಿನಕಾಯಿ. ಶಹಾಪುರ, ಸುರಪುರದ ಕಾಲುವೆ ಹೊಲಗಳಲ್ಲಿ ಕೆಂಪಗೆ ಒಣಗುವ ಅದೇ ಮೆಣಸಿನಕಾಯಿ. ಅದರ ಖಾರ, ಕ್ಯಾಪ್ಸೈಸಿನ್, ನರದ ತುದಿಯ ಬಿಸಿ ಗುರುತಿಸುವ ಬಾಗಿಲನ್ನು ತಟ್ಟುತ್ತದೆ. ಆ ಬಾಗಿಲು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಶೇ. 8 ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಆಸ್ಪತ್ರೆಯಲ್ಲಿ ಅಂಟಿಸಿದರೆ ನರದ ತುದಿಗಳು ಕೆಲಕಾಲ ಸುಮ್ಮನಾಗುತ್ತವೆ. ಇದನ್ನು ಓದಿ ಯಾರೂ ಅಂಗಾಲಿಗೆ ಖಾರಪುಡಿ ತಿಕ್ಕಿಕೊಳ್ಳಬೇಡಿ.

ಯಾವ ಡಬ್ಬಿಗೂ ಬಗ್ಗದ ಕಾರಣಗಳೂ ಈ ಜಿಲ್ಲೆಯಲ್ಲಿವೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಕಂಡಿತು. ಹತ್ತಿರದಲ್ಲೇ ಮಂಗಳೂರಿನ ಹಳೆಯ ಚಿನ್ನದ ಗಣಿ ಇದೆ. ಕರಾವಳಿಯದಲ್ಲ, ಸುರಪುರದ ಮಂಗಳೂರು. ಆರ್ಸೆನಿಕ್ ಚರ್ಮದ ಜೊತೆ ನರವನ್ನೂ ಸುಡುತ್ತದೆ. ಅದಕ್ಕೆ ಔಷಧಿ ಬೇರೆ ನೀರು. ಹಲವು ಊರುಗಳ ಫ್ಲೋರೈಡ್ ನೀರು ಮೂಳೆಯನ್ನು ದಪ್ಪಗಾಗಿಸಿ ನರವನ್ನು ಅಮುಕುತ್ತದೆ, ಜನ ಅದನ್ನೂ ವಾತವೆಂದು ತಿಳಿದು ನರದ ಗುಳಿಗೆ ನುಂಗುತ್ತಾರೆ. ಗಡಿಯಾಚೆಯಿಂದ ಬರುವ ಸೇಂದಿ, ಸಾರಾಯಿ ಕುಡಿಯುವವನ ಬಿ1 ಬರಿದಾಗುತ್ತದೆ, ಕುಡಿತ ನಿಲ್ಲದೆ ಗುಳಿಗೆ ಹಿಡಿಯುವುದಿಲ್ಲ. ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಅದು ಕುಷ್ಠವಿರಬಹುದು, ಅದರ ಔಷಧಿ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ, ವಿಟಮಿನ್ ನುಂಗುತ್ತಾ ಕಳೆದ ತಿಂಗಳುಗಳು ಬೆರಳಿಗೆ ಕುತ್ತು.

ನೋವಿಗೇ ಬೇರೆ ಔಷಧಿಗಳಿವೆ. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರಿಗ್ಯಾಬಲಿನ್. 2022ರ ಬ್ರಿಟಿಷ್ ಪ್ರಯೋಗವೊಂದು ಸಕ್ಕರೆ ರೋಗಿಗಳ ನರನೋವಿಗೆ ಮೂರೂ ಹೆಚ್ಚುಕಡಿಮೆ ಸಮ ಎಂದು ತೋರಿಸಿತು. ಮೊದಲನೆಯದು ತೀರ ಅಗ್ಗ. ಮೂರನ್ನೂ ವೈದ್ಯರ ಚೀಟಿ ಇಲ್ಲದೆ ಮುಟ್ಟಬಾರದು. ಅಂಗಡಿಯ ಪೂರಕ ಡಬ್ಬಿಗಳಲ್ಲಿ ಆಹಾರ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇದ್ದರೆ ಕಾನೂನಿನ ಕಣ್ಣಿಗೆ ಅದು ಆಹಾರ. ಔಷಧಿಯಾಗಿ ಬಳಸುವಂಥದ್ದಲ್ಲ ಎಂಬ ಮಾತೂ ಅದರ ಮೇಲೆ ಇರಲೇಬೇಕು. ಇಂಗ್ಲಿಷಿನಲ್ಲಿ ಇರುತ್ತದೆ, ಅಂಗಡಿಯಾತ ಓದಿ ಹೇಳುವುದಿಲ್ಲ.

ಚಿಗವ್ವನನ್ನು ಕೊನೆಗೆ ಸರ್ಕಾರಿ ವೈದ್ಯೆಯೊಬ್ಬರ ಬಳಿ ಕರೆದುಕೊಂಡು ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ ಎಂದು. ಒಂಬತ್ತು ವರ್ಷ. ಎರಡನೆಯದು, ದಿನಕ್ಕೆ ಎಷ್ಟು ಹಾಲು. ಆಮೇಲೆ ಉಕ್ಕಿನ ಕವಲುಕಡ್ಡಿಯನ್ನು ಅಂಗೈಗೆ ಬಡಿದು, ಗುಂಯ್ ಎನ್ನುತ್ತಿರುವಾಗಲೇ ಹೆಬ್ಬೆರಳ ಗಂಟಿಗೆ ಇಟ್ಟರು.

"ನಡುಗತದೇನವ್ವ?"

"ಏನಿಲ್ಲ ಬಿಡ್ರಿ, ಕಬ್ಬಣ ಇಟ್ಟಂಗದ."

ಮೊಣಕಾಲ ಚಿಪ್ಪಿಗೆ ಇಟ್ಟಾಗ "ಹಾಂ, ಈಗ ಬಂತು" ಎಂದಳು. ಬಿ12 ಕಡಿಮೆ ಬಂತು, ಸಕ್ಕರೆಯೂ ಏರಿತ್ತು. ಡಬ್ಬಿ ಬಿಡಿಸಿದರು. ಮೊದಲು ಸೂಜಿಯಲ್ಲಿ, ಆಮೇಲೆ ಗುಳಿಗೆಯಲ್ಲಿ ಬಿ12, ರಾತ್ರಿಗೆ ಅಮಿಟ್ರಿಪ್ಟಿಲಿನ್ನಿನ ಸಣ್ಣ ಗುಳಿಗೆ, ಎರಡು ಹೊತ್ತು ಲೋಟ ತುಂಬ ಹಾಲು ಇಲ್ಲವೆ ಮೊಸರು. ಮೊಟ್ಟೆಯ ಮಾತು ಎತ್ತಿದಾಗ ಚಿಗವ್ವ ಕೈಮುಗಿದಳು. ನಾಲ್ಕೈದು ತಿಂಗಳಿಗೆ ಉರಿ ಇಳಿಯಿತು, ಮಂಚಕ್ಕೆ ಮರಳಿದಳು. ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕೆಂದು ವೈದ್ಯೆ ಹೇಳಿದ್ದರು. ಉರಿಯೇ ಇಲ್ಲ, ನೋಡುವುದೇನು ಎಂದು ಇವಳು ಬಿಟ್ಟಿದ್ದಳು. ಮೊನ್ನೆ ಹೋದಾಗ ನಾನೇ ಪಾದ ಎತ್ತಿ ನೋಡಿದೆ. ಎಡ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು, ಸುತ್ತ ಕೆಂಪಗೆ ಬಾತಿತ್ತು. ಯಾವಾಗ ಚುಚ್ಚಿತೆಂದು ಅವಳಿಗೆ ಗೊತ್ತಿರಲಿಲ್ಲ.